ಸೆಂಟರ್ ಸ್ಪೀಕರ್ ಬೇಕೇ, ಬೇಡವೇ? ಮೂರು ವಾರ ಇಲ್ಲದೆ ನೋಡಿದ ಮೇಲೆ ಕೇಳುತ್ತಿದ್ದೇನೆ

ನೀರ್ಚಾಲು ಚಾವಡಿ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆಯಲ್ಲಿ ಸುತ್ತುತ್ತಿರುವ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಹಳೇ ಮನೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಕೆಂಪು ಕಾವಿ ನೆಲ. ಚಾವಡಿ 22 ಅಡಿ ಉದ್ದ, 11 ಅಡಿ ಅಗಲ. ಟಿವಿ ಉದ್ದದ ಗೋಡೆಯಲ್ಲಿ ಉಂಟು. ಆದ್ದರಿಂದ ಕೂರುವವರು ಉದ್ದಕ್ಕೆ ಸಾಲಾಗಿ ಕೂರುತ್ತಾರೆ. ನಡುವೆ ಸೋಫಾ, ಬಲಕ್ಕೆ ಮಕ್ಕಳ ಬೆಂಚು, ಎಡದ ಕೊನೆಯಲ್ಲಿ ಬಾಗಿಲ ಪಕ್ಕ ಅಮ್ಮನ ಆರಾಮ ಕುರ್ಚಿ. ಆ ಕುರ್ಚಿಯ ಜಾಗ ಬದಲಾಗುವುದಿಲ್ಲ. ಅಲ್ಲಿಂದ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕಾಣುತ್ತದೆ, ಮಳೆ ಹನಿಯಿತೋ ಎಂದು ನೋಡುವುದು ಅವರ ಕೆಲಸ.

ಸೆಟ್ 5.1. ಎದುರು ಎರಡು ಬುಕ್‌ಶೆಲ್ಫ್ ಎನ್ನುವ ಸಣ್ಣ ಸ್ಪೀಕರ್, ಹಿಂದೆ ಅದೇ ಮಾದರಿಯ ಎರಡು, ತಗ್ಗು ಸ್ವರಕ್ಕೆ ಒಂದು ಸಬ್‌ವೂಫರ್, ಸಿನಿಮಾದ ಮಾತಿಗೆ ಟಿವಿ ಕೆಳಗೆ ಅಡ್ಡಕ್ಕೆ ಮಲಗಿಸಿದ ಸೆಂಟರ್. ಹನ್ನೊಂದು ವರ್ಷ ಚೆನ್ನಾಗಿ ನಡೆಯಿತು. ಈ ಮಳೆಗಾಲ ಶುರುವಾದಾಗ ಸೆಂಟರ್ ಗರಗರ ಎನ್ನಲು ಹಿಡಿಯಿತು. ಬಟ್ಟೆಯ ಮುಚ್ಚಳ ತೆಗೆದು, ಒಳಗೆ ಅದುರುವ ಕೋನ್‌ನ ಅಂಚು ಮುಟ್ಟಿದೆ. ಕಪ್ಪು ಪುಡಿ ಬೆರಳಿಗೆ ಅಂಟಿ ಬಂತು. ಅಂಚಿನ ಫೋಮ್ ಪೂರ್ತಿ ಹೋಗಿದೆ, ಒಂದು ಕಡೆ ಕೋನ್ ಚೌಕಟ್ಟಿನಿಂದ ಬಿಟ್ಟು ನಿಂತಿದೆ.

ತಂತಿ ಕಳಚಿ, ಎಲ್ಲ ಸ್ಪೀಕರಿಗೂ ಶಬ್ದ ಹಂಚುವ ರಿಸೀವರಿನ ಮೆನುವಿನಲ್ಲಿ ಸೆಂಟರ್ ಇಲ್ಲ ಎಂದು ಹಾಕಿದೆ. ಅಂದಿನಿಂದ ನನಗೆ ಆಶ್ಚರ್ಯ. ಸೋಫಾದ ನಡುವೆ ಕೂತರೆ ಮಾತು ಟಿವಿಯ ಮಧ್ಯದಿಂದಲೇ ಬರುತ್ತದೆ. ಹಾಡು ಮೊದಲಿಗಿಂತ ಅಗಲವಾಗಿ, ಬಿಡಿಸಿಟ್ಟ ಹಾಗೆ ಕೇಳುತ್ತದೆ. ಇಷ್ಟು ವರ್ಷ ಈ ಡಬ್ಬಿ ಸುಮ್ನೆ ಇತ್ತಾ ಎಂದೇ ಅನಿಸಿತು. ಆದರೆ ಅಮ್ಮ ಹೇಳುವುದು ಬೇರೆ. "ಎಲ್ಲರೂ ಈ ಎಡದ ಡಬ್ಬಿಯ ಒಳಗೆ ಕೂತು ಮಾತಾಡಿದ ಹಾಗೆ ಆಗ್ತದೆ, ಯಾರು ಹೇಳಿದ್ದು ಅಂತ ಗೊತ್ತಾಗುವುದಿಲ್ಲ" ಎಂದು.

ಹೊಸ ಸೆಂಟರಿಗೆ ದುಡ್ಡು ಹಾಕಬೇಕೋ, ಅಥವಾ ಎದುರಿನ ಎರಡನ್ನೇ ಒಳ್ಳೆಯದು ಮಾಡಿಕೊಳ್ಳಬೇಕೋ? ಎರಡೂ ಬಳಸಿದವರು ಹೇಳಿ.

ಎರಡೇ ಸಾಕು, ಮಂಜೇಶ್ವರ

ನನ್ನ ಹೆಸರಿನಲ್ಲೇ ಉತ್ತರ ಉಂಟು. ಒಂಬತ್ತು ವರ್ಷದಿಂದ ಎರಡು ಸ್ಪೀಕರ್, ಒಂದು ಸಬ್. ಸೆಂಟರ್ ಇಟ್ಟದ್ದೇ ಇಲ್ಲ.

ನೀವು ನಡುವೆ ಕೂತಾಗ ಕೇಳಿದ್ದು ಭ್ರಮೆಯಲ್ಲ. ಒಂದೇ ಶಬ್ದ ಎರಡೂ ಕಡೆಯಿಂದ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಬಂದರೆ ನಮ್ಮ ಮಿದುಳು ಅದನ್ನು ನಡುವೆ ಇಡುತ್ತದೆ. ಇದಕ್ಕೆ ಫ್ಯಾಂಟಮ್ ಸೆಂಟರ್ ಎನ್ನುತ್ತಾರೆ. ಮೆನುವಿನಲ್ಲಿ ಸೆಂಟರ್ ಇಲ್ಲ ಎಂದು ಹೇಳಿದರೆ ರಿಸೀವರ್ ಅದರ ಪಾಲನ್ನು ಬಿಸಾಡುವುದಿಲ್ಲ. 3 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಇಳಿಸಿ ಎಡಕ್ಕೂ ಬಲಕ್ಕೂ ಹಂಚುತ್ತದೆ. ಮಾತು ಎಲ್ಲಿಗೂ ಹೋಗುವುದಿಲ್ಲ.

ಮೂರು ಸಾಧಾರಣ ಸ್ಪೀಕರಿಗಿಂತ ಎರಡು ಒಳ್ಳೆಯವು ಮೇಲು. ನಾನು ಸಿನಿಮಾಕ್ಕಿಂತ ಜಾಸ್ತಿ ಕೇಳುವುದು ಭಾವಗೀತೆ ಮತ್ತು ತಾಳಮದ್ದಳೆ. ಆ ರೆಕಾರ್ಡಿಂಗ್‌ಗಳು ಎಡ, ಬಲ ಎಂದು ಎರಡು ಚಾನೆಲ್‌ನವು, ಹಳೆಯವು ಒಂದೇ ಚಾನೆಲ್‌ನವು. ಅದಕ್ಕೆ ಸೆಂಟರ್ ಯಾಕೆ ಬೇಕು?

ಕುಂಬಳೆ ಕಡಲು

ಮಂಜೇಶ್ವರದವರು ಹೇಳಿದ್ದು ನಡುವೆ ಕೂತವರಿಗೆ ಸರಿ. ಅಮ್ಮನ ಕುರ್ಚಿಯ ವಿಷಯವನ್ನು ಅವರು ಮುಟ್ಟಲೇ ಇಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನು ನಾನು, ಆಟದ ಉದಾಹರಣೆಯನ್ನೇ ಕೊಡುತ್ತೇನೆ. ಬಯಲಾಟದಲ್ಲಿ ರಂಗಸ್ಥಳದ ಎರಡು ಬದಿಗೆ ಕಂಬಕ್ಕೆ ಬಾಕ್ಸ್ ಕಟ್ಟಿರುತ್ತಾರೆ, ಅಲ್ವಾ? ಭಾಗವತರು ಹಿಂಬದಿಯಲ್ಲಿ ನಡುವೆ, ವೇಷಧಾರಿ ಎದುರಿನಲ್ಲಿ ನಡುವೆ. ಸಭೆಯ ಸರಿ ಮಧ್ಯದಲ್ಲಿ ಕೂತವರಿಗೆ ಅರ್ಥದ ಮಾತು ವೇಷಧಾರಿಯ ಬಾಯಿಂದಲೇ ಬಂದ ಹಾಗೆ. ತಡವಾಗಿ ಹೋಗಿ ಎಡದ ಕೊನೆಯಲ್ಲಿ ಚಾಪೆ ಹಾಕಿ ಕೂತು ನೋಡಿ. ಬಾಯಿ ಅಲ್ಲಾಡುವುದು ಅಲ್ಲಿ, ಮಾತು ಬರುವುದು ನಿಮ್ಮ ತಲೆ ಮೇಲಿನ ಕಂಬದಿಂದ. ಬಲದ ಬಾಕ್ಸ್ ಕೂಡ ಅದೇ ಮಾತು ಹೇಳುತ್ತಿದೆ, ಆದರೆ ಕಿವಿ ಅದನ್ನು ಬೇರೆಯಾಗಿ ಗುರುತಿಸುವುದಿಲ್ಲ. ಮೊದಲು ಬಂದ ಶಬ್ದದ ಕಡೆಗೇ ಕಿವಿ ವಾಲುತ್ತದೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿ 1949ರಲ್ಲಿ ಇದರ ಬಗ್ಗೆಯೇ ಪ್ರಬಂಧ ಬರೆದರು. ಈಗಲೂ ಹಾಸ್ ಪರಿಣಾಮ ಎಂದೇ ಕರೆಯುತ್ತಾರೆ.

ಚಾವಡಿಯವರೇ, ಒಂದು ಟೇಪ್ ಹಿಡಿದು ಅಮ್ಮನ ಕುರ್ಚಿಯಿಂದ ಎರಡೂ ಸ್ಪೀಕರಿಗೆ ಎಷ್ಟು ದೂರ ಎಂದು ಅಳೆದು ಹೇಳುತ್ತೀರಾ?

ನೀರ್ಚಾಲು ಚಾವಡಿ

ಈಗಲೇ ಅಳೆದೆ. ಎಡದ್ದಕ್ಕೆ 8 ಅಡಿ, ಬಲದ್ದಕ್ಕೆ 12 ಅಡಿ. ಎರಡು ಸ್ಪೀಕರ್ ನಡುವೆ 9 ಅಡಿ.

ಕುಂಬಳೆ ಕಡಲು

ಸರಿಯಾಯ್ತು. ವ್ಯತ್ಯಾಸ 4 ಅಡಿ, ಅಂದರೆ ಸುಮಾರು 122 ಸೆಂಟಿಮೀಟರ್. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಹಾಗಾದರೆ ಬಲದ ಮಾತು ಅಮ್ಮನಿಗೆ ಮೂರೂವರೆ ಮಿಲಿಸೆಕೆಂಡು ತಡ. ಕಿವಿ ಪೂರ್ತಿ ಎಡಕ್ಕೆ ವಾಲಲು ಒಂದು ಮಿಲಿಸೆಕೆಂಡೇ ಸಾಕು. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಅವರ ಮಟ್ಟಿಗೆ ಎಲ್ಲರೂ ಎಡದ ಡಬ್ಬಿಯಲ್ಲೇ ಇದ್ದಾರೆ.

ರಿಸೀವರಿನಲ್ಲಿ ದೂರ ಬದಲಾಯಿಸಿ ಅಮ್ಮನಿಗೆ ಸರಿ ಮಾಡಬಹುದು. ಆದರೆ ಆಗ ಸೋಫಾದವರಿಗೆ ಮಾತು ಬಲಕ್ಕೆ ಹೋಗುತ್ತದೆ, ಬೆಂಚಿನ ಮಕ್ಕಳಿಗೆ ಇನ್ನೂ ಕೆಡುತ್ತದೆ. ಮೂರು ಜನಕ್ಕೂ ಒಂದೇ ಕಡೆಯಿಂದ ಮಾತು ಬರಬೇಕಾದರೆ ಆ ಕಡೆ ಒಂದು ಸ್ಪೀಕರ್ ಇರಲೇಬೇಕು. ಬೇರೆ ದಾರಿ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1933ರ ಏಪ್ರಿಲಿನಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನವರು ಫಿಲಡೆಲ್ಫಿಯಾದಲ್ಲಿ ನುಡಿಸುತ್ತಿದ್ದ ಆರ್ಕೆಸ್ಟ್ರಾವನ್ನು ಟೆಲಿಫೋನ್ ತಂತಿಯಲ್ಲಿ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕಳಿಸಿದರು. ಎಡ, ನಡು, ಬಲ ಎಂದು ಮೂರು ಚಾನೆಲ್. ದೊಡ್ಡ ಸಭೆಗೆ ಎರಡು ಸಾಲದು ಎಂದು ಅವರಿಗೆ ಆಗಲೇ ಕಂಡಿತ್ತು. ಸಿನಿಮಾ ಥಿಯೇಟರಿನಲ್ಲಿ ಪರದೆಗೆ ಸಣ್ಣ ಸಣ್ಣ ತೂತು ಇರುತ್ತದಲ್ಲ, ಅದು ಇದಕ್ಕೇ. ಮಾತಿನ ಸ್ಪೀಕರ್ ಪರದೆಯ ಹಿಂದೆ ನಡುವಿನಲ್ಲಿದೆ.

ಹೊಸಂಗಡಿ ಫ್ಲಾಟ್

ನಮ್ಮ ಕೋಣೆ ಹತ್ತಕ್ಕೆ ಹತ್ತು. ಕೂರುವುದು ನಾನು ಮತ್ತು ನನ್ನ ಹೆಂಡತಿ, ಎರಡೇ ಜನ, ಒಂದೇ ಸೋಫಾ. ಎರಡು ವರ್ಷದಿಂದ ಸೆಂಟರ್ ಇಲ್ಲ, ಕೊರತೆ ಕಂಡಿಲ್ಲ. ನನ್ನಂಥವರು ಸುಮ್ನೆ ಖರ್ಚು ಮಾಡಬೇಡಿ.

ಮುಳ್ಳೇರಿಯ ರಿಪೇರಿ

ಮೂವತ್ತು ವರ್ಷದಿಂದ ಇದೇ ಕೆಲಸ ನನ್ನದು. ಮೇಜಿನ ಮೇಲೆ ಬಂದದ್ದನ್ನು ಹೇಳುತ್ತೇನೆ.

ಒಂದು. "ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ" ಎಂದು ರಿಸೀವರ್ ಹೊತ್ತುಕೊಂಡು ಬರುತ್ತಾರೆ. ಹತ್ತರಲ್ಲಿ ಆರು ಸಲ ರಿಸೀವರಿಗೆ ಏನೂ ಆಗಿರುವುದಿಲ್ಲ. ಸೆಂಟರ್ ಜೋಡಿಸಿಲ್ಲ, ಆದರೆ ಮೆನುವಿನಲ್ಲಿ ಇದೆ ಎಂದೇ ಉಂಟು. ಸಿನಿಮಾದ ಮಾತು ಬಹುಪಾಲು ಸೆಂಟರ್ ಚಾನೆಲ್‌ನಲ್ಲಿ ಇರುತ್ತದೆ. ಇಲ್ಲದ ಸ್ಪೀಕರಿಗೆ ಅದನ್ನು ಕಳಿಸಿದರೆ ಗೋಡೆಗೆ ಹೇಳಿದ ಹಾಗೆ. ಚಾವಡಿಯವರು ಮೆನು ಸರಿ ಮಾಡಿದ್ದು ಒಳ್ಳೆಯದಾಯಿತು.

ಮತ್ತೆ, ಬ್ಲೂಟೂತ್ ಇರುವ ಅಗ್ಗದ 5.1 ಸೆಟ್‌ಗಳ ವಿಷಯ ಬೇರೆ. ಎಷ್ಟೋ ಸೆಟ್‌ನಲ್ಲಿ ಡಾಲ್ಬಿಯನ್ನು, ಅಂದರೆ ಕಟ್ಟಿಟ್ಟ ಸಿನಿಮಾ ಶಬ್ದವನ್ನು, ಚಾನೆಲ್‌ಗಳಾಗಿ ಬಿಡಿಸುವ ಚಿಪ್ಪೇ ಇರುವುದಿಲ್ಲ. ಎರಡು ಚಾನೆಲ್ ಒಳಗೆ ಹೋಗುತ್ತದೆ, ಎಡ ಬಲ ಕೂಡಿಸಿ ಸೆಂಟರಿಗೆ ಕೊಡುತ್ತದೆ ಅಷ್ಟೇ. ಅಂಥ ಸೆಟ್‌ನಲ್ಲಿ ಸೆಂಟರ್ ಕಳಚಿದರೆ ಹಾಡು ಚೆಂದ ಆಗುವುದು ಸಹಜ. ಅದನ್ನು ನೋಡಿ "ಸೆಂಟರ್ ವೇಸ್ಟ್" ಎಂದು ತೀರ್ಮಾನ ಮಾಡಬೇಡಿ.

ಇನ್ನು ಕೆಂಪು ಕಪ್ಪು ತಂತಿ ಅದಲು ಬದಲು. ಸೆಂಟರ್ ಒಂದು ಉಲ್ಟಾ ಆದರೂ ಮಾತು ಟೊಳ್ಳಾಗಿ, ದೂರದಿಂದ ಬಂದ ಹಾಗೆ ಆಗುತ್ತದೆ. ಸಂಶಯ ಇದ್ದರೆ ರಿಸೀವರಿನಿಂದ ತಂತಿ ಬಿಚ್ಚಿ, ಆ ತುದಿಗೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ. ಪ್ಲಸ್ ಕೆಂಪಿಗೆ ಮುಟ್ಟಿದಾಗ ಕೋನ್ ಹೊರಗೆ ಬರಬೇಕು.

ನಿಮ್ಮ ಫೋಮ್ ವಿಷಯ. ಇದು ನಮ್ಮ ಕರಾವಳಿಯ ಹವೆಯ ಕಾಯಿಲೆ. ಹತ್ತು ವರ್ಷ ಬಂದರೆ ಜಾಸ್ತಿ. ಕೋನ್ ಅಲ್ಲಾಡಿಸುವ ಕಾಯಿಲ್ ಸುಟ್ಟಿಲ್ಲವಾದರೆ ಅಂಚು ಮಾತ್ರ ಬದಲಾಯಿಸಬಹುದು. ರಬ್ಬರ್ ಹಾಕಿ ಎಂದು ಕೆಲವರು ಹಟ ಮಾಡುತ್ತಾರೆ. ಫೋಮ್ ಇದ್ದ ಕೋನ್‌ಗೆ ರಬ್ಬರ್ ಭಾರ, ಸ್ವರ ಬದಲಾಗುತ್ತದೆ. ಫೋಮಿಗೆ ಫೋಮೇ ಹಾಕಬೇಕು. ಬಿಚ್ಚಿದಾಗ ಹಿಂದಿನ ತೂತನ್ನೂ ನೋಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ತೂತು ಮುಚ್ಚಿದ್ದನ್ನು ನಾನು ಎಷ್ಟೋ ಸಲ ಕೆರೆದು ತೆಗೆದಿದ್ದೇನೆ.

ಕೊನೆಗೆ ಒಂದು ಸಲಹೆ. ದುಡ್ಡು ಬಿಚ್ಚುವ ಮೊದಲು ಹಿಂದಿನ ಬುಕ್‌ಶೆಲ್ಫ್ ಒಂದನ್ನು ತಂದು ಟಿವಿಯ ಎದುರು ಇಡಿ. ಅದೇ ಮಾದರಿ ಎಂದಿರಲ್ಲ? ಅದನ್ನೇ ಸೆಂಟರಿಗೆ ಜೋಡಿಸಿ ಒಂದು ವಾರ ನೋಡಿ. ಖರ್ಚು ಸೊನ್ನೆ.

ಪೆರ್ಲದ ಅಕ್ಕ

ಇಲ್ಲಿ ಎಲ್ಲರೂ ಮಾತು ಎಲ್ಲಿಂದ ಬರುತ್ತದೆ ಎಂದೇ ಹೇಳುತ್ತಿದ್ದೀರಿ. ಮಾತು ಅರ್ಥವಾಗುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯ ಪ್ರಶ್ನೆ.

ಅಪ್ಪನಿಗೆ 78. ಜೋರು ಶಬ್ದ ಕೇಳುತ್ತದೆ, ಅಕ್ಷರ ಬಿಡಿಸಿ ಕೇಳುವುದಿಲ್ಲ. ಸ, ಶ, ತ, ಟ ಇವೆಲ್ಲ ಅವರಿಗೆ ಕರಗಿ ಹೋಗುತ್ತವೆ. ನಮ್ಮ ಕಾಸರಗೋಡು ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಯವರ ಜೊತೆ ತುಳು. ಸಿನಿಮಾ ಎಲ್ಲದರಲ್ಲೂ ನೋಡುತ್ತೇವೆ. ಅಪ್ಪನಿಗೆ ಮಲಯಾಳ ಗೊತ್ತಿದೆ, ಆದರೆ ಕೇರಳದ ತೆಂಕಣ ಜಿಲ್ಲೆಯವರು ವೇಗವಾಗಿ ಮಾತಾಡಿದರೆ ಮೊದಲೇ ಕಷ್ಟ. ಅದರ ಮೇಲೆ ಹಿನ್ನೆಲೆ ಸಂಗೀತ ಬಂದರೆ ಮುಗಿಯಿತು. ವಾಲ್ಯೂಮ್ ಏರಿಸು ಎನ್ನುತ್ತಾರೆ. ಏರಿಸಿದ ಕೂಡಲೇ ಫೈಟ್ ಬರುತ್ತದೆ, ಮಲಗಿದ ಮಗು ಏಳುತ್ತದೆ. ಹೀಗೆ ಎಷ್ಟೋ ರಾತ್ರಿ ಅಪ್ಪ ಅರ್ಧದಲ್ಲೇ ಎದ್ದು ಹೋಗಿ ಮಲಗಿದ್ದಾರೆ. ಅದು ನನಗೆ ತುಂಬಾ ಬೇಸರದ ವಿಷಯವಾಗಿತ್ತು.

ಸೆಂಟರ್ ಬಂದ ಮೇಲೆ ನಾನು ಮಾಡಿದ್ದು ಇಷ್ಟೇ. ಸ್ಪೀಕರ್ ಲೆವೆಲ್ ಮೆನುವಿಗೆ ಹೋಗಿ ಸೆಂಟರ್ ಒಂದನ್ನೇ 3 ಡೆಸಿಬೆಲ್ ಏರಿಸಿದೆ. ಮಾತು ಮುಂದೆ ಬಂತು, ಫೈಟ್ ಅಲ್ಲೇ ಉಳಿಯಿತು. ಎರಡೇ ಸ್ಪೀಕರ್ ಇದ್ದಾಗ ಇದು ಮಾಡಲಿಕ್ಕೆ ಬರುವುದಿಲ್ಲ, ಮಾತು ಸಂಗೀತ ಎಲ್ಲ ಒಂದೇ ಡಬ್ಬಿಯಲ್ಲಿ ಕಲಸಿ ಹೋಗಿರುತ್ತದೆ. ರಾತ್ರಿ ಹೊತ್ತು ನೈಟ್ ಮೋಡ್ ಕೂಡ ಹಾಕುತ್ತೇನೆ, ಸದ್ದಿನ ಏರಿಳಿತ ಕಡಿಮೆಯಾಗುತ್ತದೆ.

ಮಳೆಗಾಲವನ್ನೂ ಮರೆಯಬೇಡಿ. ಜೂನ್ ಜುಲೈಯಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ. ಆ ಎರಡು ತಿಂಗಳು 3 ಅಲ್ಲ, 5 ಡೆಸಿಬೆಲ್ ಬೇಕಾಗುತ್ತದೆ ನಮಗೆ.

ಚಾವಡಿಯವರ ಅಮ್ಮನಿಗೆ ವಯಸ್ಸೆಷ್ಟು ಎಂದು ಹೇಳಿಲ್ಲ. ಅವರ ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡು ನಿರ್ಧಾರ ಮಾಡಿ.

ಎರಡೇ ಸಾಕು, ಮಂಜೇಶ್ವರ

ಅಕ್ಕ ಹೇಳಿದ ಲೆವೆಲ್ ವಿಷಯ ಒಪ್ಪಿದೆ, ಅದು ನನಗೆ ಹೊಳೆದಿರಲಿಲ್ಲ. ಆದರೆ ಮಾತು ಸ್ಪಷ್ಟವಾಗಲು ಸೆಂಟರೇ ಬೇಕೆಂದು ಹೇಳುವುದು ಸರಿಯಲ್ಲ. ಒಳ್ಳೆಯ ಎರಡು ಸ್ಪೀಕರ್ ನಡುವೆ ಕೂತವನಿಗೆ ಮಾತು ಅಷ್ಟೇ ಸ್ಪಷ್ಟ.

ಬದಿಯಲ್ಲಿ ಕೂತವರಿಗೂ ಒಂದು ಉಪಾಯ ಉಂಟು. ಎರಡೂ ಸ್ಪೀಕರನ್ನು ಜಾಸ್ತಿ ಒಳಮುಖ ತಿರುಗಿಸಿ. ಅವುಗಳ ಮುಖದ ಗೆರೆ ಸೋಫಾದ ಎದುರಿನಲ್ಲೇ ಒಂದನ್ನೊಂದು ದಾಟಬೇಕು. ಆಗ ಎಡದಲ್ಲಿ ಕೂತವರಿಗೆ ಎಡದ ಸ್ಪೀಕರ್ ಓರೆಯಾಗಿ ಸ್ವಲ್ಪ ಮೆತ್ತಗೆ, ಬಲದ್ದು ನೇರವಾಗಿ ಸ್ವಲ್ಪ ಜೋರಾಗಿ ಕೇಳುತ್ತದೆ. ತಡವಾಗಿ ಬಂದದ್ದಕ್ಕೆ ಜೋರು ಸೇರಿ ಸರಿದೂಗುತ್ತದೆ. ಒಮ್ಮೆ ಮಾಡಿ ನೋಡಿ.

ಕುಂಬಳೆ ಕಡಲು

ತಿರುಗಿಸುವ ಉಪಾಯ ಒಳ್ಳೆಯದು. ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಮೂರೂವರೆ ಮಿಲಿಸೆಕೆಂಡಿಗೆ ಸಾಲುವುದಿಲ್ಲ ಎಂದು ನನ್ನ ಅನಿಸಿಕೆ.

ಸ್ಪಷ್ಟತೆಯ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನಿಲ್ಲ. ನಡುವೆ ಕೂತವನಿಗೂ ಫ್ಯಾಂಟಮ್ ಸೆಂಟರಿನಲ್ಲಿ ಒಂದು ಕುಂದು ಇದೆ. ಎಡದ ಸ್ಪೀಕರಿನ ಮಾತು ಎಡ ಕಿವಿಗೆ ಬರುತ್ತದೆ. ಅದೇ ಮಾತು ಬಲದ ಸ್ಪೀಕರಿನಿಂದ ತಲೆಯನ್ನು ಸುತ್ತಿ ಮತ್ತೆ ಎಡ ಕಿವಿಗೆ ಬರುತ್ತದೆ, ಮಿಲಿಸೆಕೆಂಡಿನ ಕಾಲು ಭಾಗದಷ್ಟು ತಡವಾಗಿ. ಒಂದರ ಏರು ಇನ್ನೊಂದರ ಇಳಿತಕ್ಕೆ ಸಿಕ್ಕಿ 2000 ಹರ್ಟ್ಸ್ ಆಸುಪಾಸಿನಲ್ಲಿ ಶಬ್ದ ತಗ್ಗುತ್ತದೆ. ವ್ಯಂಜನಗಳನ್ನು ನಾವು ಗುರುತಿಸುವುದಕ್ಕೆ ಮುಖ್ಯವಾದ ಜಾಗ ಅದು. ಕೆನಡಾದ ಧ್ವನಿ ವಿಜ್ಞಾನಿ ಫ್ಲಾಯ್ಡ್ ಟೂಲ್ ಇದನ್ನು ವಿವರವಾಗಿ ಬರೆದಿದ್ದಾರೆ. ಗೋಡೆಯಿಂದ ಪ್ರತಿಫಲಿಸಿ ಬರುವ ಶಬ್ದ ಆ ತಗ್ಗನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ಒಂದೇ ಸ್ಪೀಕರಿನಿಂದ ಮಾತು ಬಂದರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಎಳೆ ಕಿವಿಗೆ ಇದು ಗೊತ್ತಾಗುವುದು ಕಡಿಮೆ. ಅಕ್ಕನ ಅಪ್ಪನಂಥವರಿಗೆ ಗೊತ್ತಾಗುತ್ತದೆ.

ಉಪ್ಪಳ ಟು ದುಬೈ

ತಡವಾಗಿ ಬಂದೆ. ಸೆಂಟರ್ ಬೇಕು ಎಂದು ಎಲ್ಲರೂ ಹೇಳುತ್ತಿರುವಾಗ ಒಂದು ಎಚ್ಚರಿಕೆ ಕೊಡಬೇಕು. ಕೆಟ್ಟ ಸೆಂಟರಿಗಿಂತ ಸೆಂಟರ್ ಇಲ್ಲದಿರುವುದೇ ಲೇಸು.

ನಾನು ಮೊದಲು ತಂದದ್ದು ಮಲಗಿಸುವ ಡಬ್ಬಿ. ನಡುವೆ ತೀಕ್ಷ್ಣ ಸ್ವರದ ಟ್ವೀಟರ್, ಎರಡು ಪಕ್ಕಕ್ಕೆ ತಗ್ಗು ಸ್ವರದ ಎರಡು ವೂಫರ್. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಇದೇ. ನೇರ ಎದುರು ಕೂತರೆ ಚೆನ್ನಾಗಿದೆ. ಸ್ವಲ್ಪ ಬದಿಗೆ ಸರಿದರೆ ಎರಡು ವೂಫರಿಂದ ಬರುವ ಮಾತು ಒಂದನ್ನೊಂದು ತಿಂದು ಹಾಕುತ್ತದೆ. ನೋಡಿ, ಬದಿಯಲ್ಲಿ ಕೂತವರಿಗಾಗಿ ತಂದ ಸ್ಪೀಕರ್ ಬದಿಯವರಿಗೇ ಸರಿಯಾಗಿ ಕೇಳುವುದಿಲ್ಲ. ಆ ಜೋಡಣೆ ನಿಲ್ಲಿಸಿ ಬಳಸಲಿಕ್ಕೆ ಹೇಳಿ ಮಾಡಿಸಿದ್ದು. ಟಿವಿಯ ಕೆಳಗೆ ಜಾಗ ಇಲ್ಲ ಎಂದು ನಾವು ಮಲಗಿಸುತ್ತೇವೆ. ಟ್ವೀಟರಿನ ಕೆಳಗೆ ನಡು ಸ್ವರಕ್ಕೆ ಒಂದು ಸಣ್ಣ ಮಿಡ್‌ರೇಂಜ್ ಇರುವ ಮೂರು ದಾರಿಯ (ಥ್ರೀ-ವೇ) ಸೆಂಟರಿನಲ್ಲಿ ಈ ತೊಂದರೆ ಬಹಳ ಕಡಿಮೆ, ಆದರೆ ಬೆಲೆ ಜಾಸ್ತಿ.

ಎರಡನೇದು ಸ್ವರ ಹೊಂದಬೇಕು. ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಬೇರೆಯೇ ಕಾರು ಆದ ಹಾಗೆ ಕೇಳಿದರೆ ನೋಡುವವನಿಗೆ ಏನು ಸುಖ? ಎದುರಿನ ಮೂರೂ ಒಂದೇ ಕುಟುಂಬದವು ಆಗಿರಬೇಕು. ಎಲ್ಲಕ್ಕಿಂತ ಒಳ್ಳೆಯದು ಎಡ ಬಲದಂಥದ್ದೇ ಮೂರನೇ ಬುಕ್‌ಶೆಲ್ಫ್, ನಿಲ್ಲಿಸಿ ಇಡುವುದು. ಅಂಗಡಿಯವರು ಜೋಡಿಯಾಗಿಯೇ ಮಾರುತ್ತಾರೆ, ಅದೇ ತಲೆನೋವು. ಮುಳ್ಳೇರಿಯದವರು ಹೇಳಿದ ಉಪಾಯ ಇದಕ್ಕೇ ನನಗೆ ತುಂಬಾ ಇಷ್ಟವಾಯಿತು.

ಗಲ್ಫಿನಿಂದ ತರುವವರಿಗೆ ಒಂದು ಮಾತು. ಯುಎಇಯಲ್ಲೂ 50 ಹರ್ಟ್ಸ್, 230 ವೋಲ್ಟ್, ನಮ್ಮಲ್ಲೂ ಅದೇ. ಪ್ಲಗ್ಗಿನ ಮೂರು ಕಾಲು ಚಪ್ಪಟೆ, ಅದೊಂದು ಬದಲಾಯಿಸಿದರೆ ಸಾಕು. ಅಮೆರಿಕದಿಂದ ತಂದ 120 ವೋಲ್ಟಿನ ರಿಸೀವರನ್ನು ಮಾತ್ರ ನೇರ ಗೋಡೆಗೆ ಚುಚ್ಚಬೇಡಿ.

ಹೊಸಂಗಡಿ ಫ್ಲಾಟ್

ಎರಡು ಸಣ್ಣ ಸೆಂಟರ್ ತಂದು ಟಿವಿಯ ಎರಡು ಪಕ್ಕಕ್ಕೆ ಇಟ್ಟರೆ ಆಗುತ್ತದಾ? ನನ್ನ ಅಣ್ಣ ಕುಂಜತ್ತೂರಿನ ಮನೆಯಲ್ಲಿ ಹಾಗೆ ಮಾಡಬೇಕೆಂದಿದ್ದಾನೆ.

ಮುಳ್ಳೇರಿಯ ರಿಪೇರಿ

ಬೇಡ ಎನ್ನಿ. ಎರಡು ಮಾಡಿದ ಕೂಡಲೇ ಮತ್ತೆ ಅದೇ ಫ್ಯಾಂಟಮ್ ಆಯಿತಲ್ಲ, ಸೆಂಟರ್ ಇಟ್ಟ ಉದ್ದೇಶವೇ ಹೋಯಿತು. ಮತ್ತೆ 6 ಓಮಿನ ಎರಡನ್ನು ಸಮಾನಾಂತರ ಜೋಡಿಸಿದರೆ 3 ಓಮ್ ಆಗುತ್ತದೆ. ಸ್ವಲ್ಪ ಜೋರು ಮಾಡಿದರೆ ರಿಸೀವರ್ ಬಿಸಿಯಾಗಿ ತಾನೇ ಆಫ್ ಆಗುತ್ತದೆ. ಆಫ್ ಆದರೆ ಪುಣ್ಯ.

ಪೆರ್ಲದ ಅಕ್ಕ

ಚಾವಡಿಯವರಿಗೆ ಇನ್ನೊಂದು. ಸೆಂಟರನ್ನು ಮೇಜಿನ ಖಾನೆಯ ಒಳಗೆ ತಳ್ಳಬೇಡಿ. ನಾವು ಮೊದಲು ಹಾಗೇ ಇಟ್ಟಿದ್ದೆವು, ಮಾತು ಕೊಡಪಾನದ ಒಳಗಿಂದ ಬಂದ ಹಾಗೆ ಇತ್ತು. ಮುಖ ಮೇಜಿನ ಅಂಚಿಗೆ ಸಮ ಇರಲಿ, ಎದುರು ಸ್ವಲ್ಪ ಎತ್ತಿ ಮೇಲ್ಮುಖ ಮಾಡಿ. ಕಾವಿ ನೆಲಕ್ಕೆ ಒಂದು ದಪ್ಪ ಹಾಸು ಹಾಕಿ. ಬರಿ ನೆಲ, ಬರಿ ಗೋಡೆ ಇದ್ದರೆ ಯಾವ ಸ್ಪೀಕರಿನ ಮಾತೂ ಮೊಳಗುತ್ತದೆ. ನಾವು ಹಾಸು ಹಾಕಿ, ಕಿಟಕಿಗೆ ದಪ್ಪ ಪರದೆ ಬಿಟ್ಟದ್ದೇ ಅರ್ಧ ವ್ಯತ್ಯಾಸ ಮಾಡಿತು.

ನೀರ್ಚಾಲು ಚಾವಡಿ

ಎಲ್ಲರಿಗೂ ಉಪಕಾರ. ಭಾನುವಾರ ಇಡೀ ದಿನ ಇದೇ ಕೆಲಸ ಮಾಡಿದೆ, ವರದಿ ಒಪ್ಪಿಸುತ್ತೇನೆ.

ಮೊದಲು ಮಂಜೇಶ್ವರದವರ ಉಪಾಯ. ಎರಡೂ ಸ್ಪೀಕರನ್ನು ಚೆನ್ನಾಗಿ ಒಳಕ್ಕೆ ತಿರುಗಿಸಿದೆ. ಸೋಫಾದ ಎಡ ತುದಿಯಲ್ಲಿ ಕೂತರೆ ಮಾತು ನಡುವಿಗೆ ಹತ್ತಿರ ಬಂತು, ಇದು ನಿಜಕ್ಕೂ ಕೆಲಸ ಮಾಡಿತು. ಅಮ್ಮನ ಕುರ್ಚಿಯಲ್ಲಿ ಮಾತ್ರ ಎಡದಲ್ಲೇ ಉಳಿಯಿತು. ಹಾಡಿಗೆ ಚೆನ್ನಾಗಿದೆ ಎಂದು ಅದನ್ನು ಹಾಗೇ ಬಿಟ್ಟಿದ್ದೇನೆ.

ಆಮೇಲೆ ಹಿಂದಿನ ಬುಕ್‌ಶೆಲ್ಫ್ ಒಂದನ್ನು ಇಳಿಸಿ ತಂದೆ. ಹನ್ನೆರಡು ಇಂಚು ಎತ್ತರ, ಟಿವಿಯ ಕೆಳಗೆ ಹಿಡಿಯುವುದಿಲ್ಲ. ಅಟ್ಟದಲ್ಲಿ ಹಲಸಿನ ಮರದ ಹಳೇ ಊಟದ ಮಣೆ ಇತ್ತು. ಟಿವಿ ಮೇಜಿನ ಎದುರು ನೆಲದಲ್ಲಿ ಮಣೆ ಇಟ್ಟು, ಅದರ ಮೇಲೆ ಸ್ಪೀಕರ್ ನಿಲ್ಲಿಸಿ, ಎದುರಿನ ಎರಡು ಮೂಲೆಗೆ ಒಂದಿಂಚಿನ ಮರದ ತುಂಡು ಕೊಟ್ಟು ಮುಖ ಮೇಲೆ ಮಾಡಿದೆ. ಮೆನುವಿನಲ್ಲಿ ಸೆಂಟರ್ ಇದೆ ಎಂದು ಹಾಕಿ, ಸಣ್ಣದು ಎಂದು ಆರಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸ್ವರ ಸಬ್‌ಗೆ ಹೋಗುವ ಹಾಗೆ ಮಾಡಿದೆ. ದೂರ ಟೇಪಿನಲ್ಲಿ ಅಳೆದು ಕೊಟ್ಟೆ.

ಅಮ್ಮನಿಗೆ ಏನೂ ಹೇಳಲಿಲ್ಲ. ಕಣ್ಣು ಮುಚ್ಚಿ, ಮಾತು ಬಂದ ಕಡೆಗೆ ಕೈ ತೋರಿಸಿ ಎಂದೆ ಅಷ್ಟೇ. ಸೆಂಟರ್ ಇಲ್ಲದೆ ಒಂದು ದೃಶ್ಯ, ಇದ್ದು ಅದೇ ದೃಶ್ಯ. ಮಗಳು ರಿಮೋಟ್ ಹಿಡಿದಳು, ಯಾವುದು ಯಾವಾಗ ಎಂದು ನನಗೂ ಗೊತ್ತಿಲ್ಲದ ಹಾಗೆ. ಆರು ಸಲ ಮಾಡಿದೆವು. ಇಲ್ಲದ ಮೂರು ಸಲವೂ ಅಮ್ಮನ ಕೈ ನೇರ ಎಡದ ಸ್ಪೀಕರಿಗೆ ಹೋಯಿತು. ಇದ್ದ ಮೂರು ಸಲವೂ ಟಿವಿಯ ಕಡೆ.

ಅಕ್ಕನ ಮಾತು ನೆನಪಾಗಿ ಸೆಂಟರನ್ನು 3 ಡೆಸಿಬೆಲ್ ಏರಿಸಿದೆ. ಅಮ್ಮನಿಗೆ 71, ಕಿವಿ ಚೆನ್ನಾಗಿದೆ ಎಂದೇ ನಾನು ತಿಳಿದುಕೊಂಡಿದ್ದೆ. ರಾತ್ರಿ ಸಿನಿಮಾ ನಡೆಯುವಾಗ ಮಳೆ ಶುರುವಾಯಿತು. ಅಮ್ಮ ಎದ್ದು ಅಂಗಳ ನೋಡಿ ಬಂದು ಮತ್ತೆ ಕೂತರು. ಹೆಂಚಿನ ಮೇಲೆ ಹೊಯ್ಯುತ್ತಲೇ ಇತ್ತು. ಸಿನಿಮಾದ ಹುಡುಗಿ ಏನೋ ಪಿಸುಗುಟ್ಟಿದಳು, ನಾನು ಸರಿಯಾಗಿ ಹಿಡಿಯಲಿಲ್ಲ. ಅಮ್ಮ ಅದನ್ನು ಪೂರ್ತಿ ತಿರುಗಿಸಿ ಹೇಳಿದರು.

ಹಾಗಾಗಿ ಸೆಂಟರ್ ಇರುತ್ತದೆ. ಮಲಗಿಸುವ ಹಳೇ ಡಬ್ಬಿ ಮತ್ತೆ ಇಡುವುದಿಲ್ಲ. ಉಪ್ಪಳದವರು ಹೇಳಿದ ಮೇಲೆ ನೋಡಿದೆ, ಅದು ಅದೇ ಎರಡು ವೂಫರಿನದ್ದು. ಈಗ ನಿಲ್ಲಿಸಿದ ಬುಕ್‌ಶೆಲ್ಫೇ ಸೆಂಟರ್. ಹಿಂದಿನ ಎರಡನ್ನು ಮೆನುವಿನಲ್ಲಿ ತೆಗೆದಿದ್ದೇನೆ. ಇದೇ ಮಾದರಿಯ ಹಳೇ ಜೋಡಿ ಎಲ್ಲಾದರೂ ಸಿಗುವವರೆಗೆ ಎದುರಿನ ಮೂರು ಮತ್ತು ಸಬ್, ಇಷ್ಟರಲ್ಲೇ ನಡೆಯುತ್ತದೆ. ಹಿಂದಿನ ಶಬ್ದ ಇಲ್ಲದ್ದು ಮಕ್ಕಳಿಗೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ.

ಎರಡೇ ಸಾಕು, ಮಂಜೇಶ್ವರ

ನಿಮ್ಮ ಕೈ ತೋರಿಸುವ ಪರೀಕ್ಷೆಯನ್ನು ನಾನೂ ಮನೆಯಲ್ಲಿ ಮಾಡಿದೆ. ನನ್ನ ಹೆಂಡತಿ ಕೂರುವುದು ಬಲಕ್ಕೆ, ಕಿಟಕಿಯ ಹತ್ತಿರ. ಒಂಬತ್ತು ವರ್ಷದಿಂದ ಅವಳಿಗೆ ಎಲ್ಲ ಮಾತೂ ಬಲದ ಸ್ಪೀಕರಿನಿಂದಲೇ ಬರುತ್ತಿತ್ತಂತೆ. ಅದು ಹಾಗೇ ಇರುವುದೆಂದು ತಿಳಿದು ಏನೂ ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ, ಅದು ನನ್ನದೇ ತಪ್ಪು.

ಹಾಡಿಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಹಾಡು ಕೇಳುವಾಗ ರಿಸೀವರನ್ನು ಸ್ಟೀರಿಯೋ ಮೋಡಿಗೆ ಹಾಕಿ, ಎರಡೇ ನುಡಿಯಲಿ. ಸಿನಿಮಾಕ್ಕೆ ಮೂರನೆಯದು ಹುಡುಕಲು ಶುರು ಮಾಡಿದ್ದೇನೆ. ಚಾವಡಿಯವರೇ, ಹಿಂದಿನ ಜೋಡಿಯಲ್ಲಿ ಒಂದು ಉಳಿದಿದೆಯಲ್ಲ, ಅದು ಯಾವ ಮಾದರಿ? ನನ್ನದಕ್ಕೆ ಹೊಂದುವುದಾದರೆ ಬದಿಯಡ್ಕಕ್ಕೆ ಬಂದು ತೆಗೆದುಕೊಂಡು ಹೋಗುತ್ತೇನೆ.

ನೀರ್ಚಾಲು ಚಾವಡಿ

ಫೋಟೋ ಕಳಿಸುತ್ತೇನೆ. ಬರುವುದಾದರೆ ಸಂಜೆ ಬನ್ನಿ, ಅಡಿಕೆ ಒಳಗೆ ಹಾಕಿದ ಮೇಲೆ ಕೂತು ಕೇಳೋಣ. ಅಮ್ಮನ ಕುರ್ಚಿಯಲ್ಲೂ ಒಮ್ಮೆ ಕೂತು ನೋಡಿ.